ಆಸ್ಪತ್ರೆಯ ಗೋಡೆ ದಾಟಿದ ವೈದ್ಯಪಾಠ

1943ರ ಅಕ್ಟೋಬರ್. ಬಂಗಾಳದ ಬೀದಿಗಳಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯರ ಆರೋಗ್ಯದ ಸ್ಥಿತಿಗತಿ ತಿಳಿಯಲು ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಸರ್ ಜೋಸೆಫ್ ಭೋರ್, ಐಸಿಎಸ್‌ನಲ್ಲಿ ಪಳಗಿದ ಆಡಳಿತಗಾರ. ಅವರ ಸಮಿತಿ ದೇಶ ಸುತ್ತಿ, ಲೆಕ್ಕಪತ್ರ ಜಾಲಾಡಿ 1946ರಲ್ಲಿ ನಾಲ್ಕು ಸಂಪುಟಗಳ ವರದಿ ಕೊಟ್ಟಿತು. ಸ್ವತಂತ್ರ ಭಾರತದ ಆರೋಗ್ಯ ವ್ಯವಸ್ಥೆಗೆ ತಳಪಾಯ ಹಾಕಿದ್ದು ಆ ವರದಿಯೇ.

ಅದರಲ್ಲಿದ್ದ ಲೆಕ್ಕ ಎದೆ ಝಲ್ಲೆನಿಸುವಂಥದು. ಬ್ರಿಟಿಷ್ ಇಂಡಿಯಾದಲ್ಲಿ ನೋಂದಾಯಿಸಿಕೊಂಡಿದ್ದ ವೈದ್ಯರು ಸುಮಾರು 47,500. ಎಂದರೆ 6,300 ಜನರಿಗೆ ಒಬ್ಬ ವೈದ್ಯ. ಇದ್ದವರಲ್ಲೂ ಹೆಚ್ಚಿನವರು ಪಟ್ಟಣಗಳಲ್ಲಿ ನೆಲೆಸಿದ್ದರು. ಒಟ್ಟು ವೈದ್ಯರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಎಲ್‌ಎಂಪಿಗಳು, ಅಂದರೆ ಪದವಿಗಿಂತ ಕಿರಿದಾದ ಲೈಸೆನ್ಷಿಯೇಟ್ ಕೋರ್ಸ್ ಓದಿದವರು. ನಮ್ಮ ಅಜ್ಜ ಅಜ್ಜಿಯರು ನೆನೆಸಿಕೊಳ್ಳುತ್ತಿದ್ದ, ಸೈಕಲ್ಲಿನಲ್ಲಿ ಚರ್ಮದ ಚೀಲ ತೂಗುಹಾಕಿಕೊಂಡು ಬರುತ್ತಿದ್ದ ‘ಎಲ್‌ಎಂಪಿ ಡಾಕ್ಟರು’ ಇವರೇ. ಭೋರ್ ಸಮಿತಿ ಈ ಕಿರಿಯ ಕೋರ್ಸನ್ನು ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ಮಟ್ಟದ ಪದವಿ ಸಾಕು ಎಂದಿತು. ಹೀಗಾದರೆ ಹಳ್ಳಿಗಳಿಗೆ ಡಾಕ್ಟರೇ ಸಿಗಲಾರರೆಂದು ಸಮಿತಿಯ ಕೆಲವು ಸದಸ್ಯರು ಭಿನ್ನಮತ ಬರೆದರು. ಅವರ ಮಾತು ನಡೆಯಲಿಲ್ಲ.

ಆದರೆ ಬಹುಮತದ ಸದಸ್ಯರಿಗೂ ಹಳ್ಳಿಯ ಚಿಂತೆ ಇತ್ತು. ಪದವೀಧರ ವೈದ್ಯನನ್ನೇ ಹಳ್ಳಿಗೆ ಒಗ್ಗುವಂತೆ ತಯಾರು ಮಾಡಬಹುದೆಂದು ಅವರು ನಂಬಿದ್ದರು. ರೋಗಕ್ಕೆ ಮದ್ದು ಕೊಡುವುದರ ಜೊತೆಗೆ ರೋಗ ಬಾರದಂತೆ ಜನರನ್ನು ಕಾಯುವ ‘ಸಾಮಾಜಿಕ ವೈದ್ಯ’ ಬೇಕೆಂದರು. ಅದಕ್ಕಾಗಿ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಗೂ ರೋಗ ಪ್ರತಿಬಂಧಕ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿ ಕೊಡಬೇಕೆಂದು ಸೂಚಿಸಿದರು. ಭಾರತದ ವೈದ್ಯ ಶಿಕ್ಷಣವನ್ನು ಜನರ ನಡುವೆ ಒಯ್ಯುವ ಕಥೆಗೆ ಇದು ಮೊದಲ ಅಧ್ಯಾಯ. ಮುಂದಿನ ಎಂಟು ದಶಕಗಳಲ್ಲಿ ಇದೇ ಮಾತು ಬೇರೆ ಬೇರೆ ಸಮಿತಿಗಳ ಬಾಯಲ್ಲಿ ಮತ್ತೆ ಮತ್ತೆ ಬಂದಿದೆ. ಕೆಲವೆಡೆ ಅದು ನಿಜವಾಯಿತು, ಬಹಳೆಡೆ ಕಾಗದದಲ್ಲೇ ಉಳಿಯಿತು.

ಸಿಂಗೂರು, ರಾಮನಗರ, ಲೂಧಿಯಾನ

ಭೋರ್ ಸಮಿತಿಯ ಯೋಚನೆ ಶೂನ್ಯದಿಂದ ಹುಟ್ಟಿದ್ದಲ್ಲ. ಅದನ್ನು ರೂಪಿಸಿದವರಲ್ಲಿ ಜಾನ್ ಗ್ರಾಂಟ್ ಒಬ್ಬರು. ಅವರು ಚೀನಾದಲ್ಲಿ ಪೀಕಿಂಗಿನ ವೈದ್ಯ ಕಾಲೇಜಿನ ವಿದ್ಯಾರ್ಥಿಗಳನ್ನು ತರಗತಿಯಿಂದ ಎಬ್ಬಿಸಿ ನಗರದ ಓಣಿಗಳಿಗೆ ಕರೆದೊಯ್ದು ಕಲಿಸಿದ್ದವರು. ಆಮೇಲೆ ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಸಂಸ್ಥೆ 1939ರ ಹೊತ್ತಿಗೆ ಸಿಂಗೂರಿನಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆದಿತ್ತು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆಗಿನ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, 1930ರ ದಶಕದಲ್ಲೇ ಆರೋಗ್ಯ ಘಟಕ ನಡೆಯುತ್ತಿತ್ತು. ಹಳ್ಳಿಯ ಬಾವಿ, ಚರಂಡಿ, ಹೆರಿಗೆ, ಸಿಡುಬಿನ ಲಸಿಕೆ ಎಲ್ಲವನ್ನೂ ಒಂದೇ ಸೂರಿನಡಿ ನೋಡಿಕೊಳ್ಳುವುದು ಇಂಥ ಘಟಕಗಳ ಕ್ರಮ. ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರವೆಂದು ಹೆಸರಾದ ವ್ಯವಸ್ಥೆಯ ಮೊಳಕೆಗಳು ಇವು.

ಸ್ವಾತಂತ್ರ್ಯ ಬಂತು. 1955ರ ನವೆಂಬರಿನಲ್ಲಿ ದೆಹಲಿಯಲ್ಲಿ ವೈದ್ಯ ಶಿಕ್ಷಣದ ರಾಷ್ಟ್ರೀಯ ಸಮ್ಮೇಳನ ಸೇರಿತು. ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ರೋಗ ಪ್ರತಿಬಂಧಕ ಮತ್ತು ಸಾಮಾಜಿಕ ವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಇರಬೇಕು, ಪ್ರತಿ ವಿದ್ಯಾರ್ಥಿಯೂ ಗ್ರಾಮೀಣ ಕೇಂದ್ರದಲ್ಲಿ ಕೆಲಸ ಮಾಡಬೇಕು ಎಂದು ಅದು ಹೇಳಿತು. ವಿಭಾಗಗಳು ಹುಟ್ಟಿದವು. ‘ಪಿಎಸ್‌ಎಂ’ ಎಂಬ ಅಡ್ಡಹೆಸರೂ ಹುಟ್ಟಿತು. ಆದರೆ ಬಹಳಷ್ಟು ಕಾಲೇಜುಗಳಲ್ಲಿ ಈ ವಿಷಯ ಕರಿಹಲಗೆ ಬಿಟ್ಟು ಆಚೆ ಬರಲಿಲ್ಲ. ಕಂದಕದ ಪಾಯಿಖಾನೆ ಎಷ್ಟು ಅಡಿ ಆಳ, ಸೊಳ್ಳೆಯ ಮರಿ ನೀರಲ್ಲಿ ಯಾವ ಕೋನದಲ್ಲಿ ತೇಲುತ್ತದೆ ಎಂಬುದನ್ನೆಲ್ಲ ವಿದ್ಯಾರ್ಥಿಗಳು ಉರು ಹೊಡೆದರು. ಅಂಥ ಪಾಯಿಖಾನೆ ಬಳಸುವ ಒಂದು ಮನೆಯ ಹೊಸ್ತಿಲನ್ನೂ ತುಳಿಯದೆ ಡಾಕ್ಟರಾಗಿ ಹೊರಬಿದ್ದವರು ಎಷ್ಟೋ ಮಂದಿ.

ಇದಕ್ಕೆ ಅಪವಾದಗಳೂ ಇದ್ದವು. ಮಸ್ಸೂರಿಯ ಲಂಡೌರಿನಲ್ಲಿ ಮಿಷನರಿ ದಂಪತಿಯ ಮಗನಾಗಿ ಹುಟ್ಟಿದ ಕಾರ್ಲ್ ಟೇಲರ್, 1950ರ ದಶಕದಲ್ಲಿ ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ವಿಭಾಗದ ಹೊಣೆ ಹೊತ್ತು ವಿದ್ಯಾರ್ಥಿಗಳನ್ನು ಪಂಜಾಬಿನ ಹಳ್ಳಿಗಳಿಗೆ ಕರೆದೊಯ್ದರು. ಮುಂದೆ ನಾರಂಗ್‌ವಾಲ್ ಎಂಬ ಊರಲ್ಲಿ ಸಂಶೋಧನಾ ಕೇಂದ್ರ ಕಟ್ಟಿದರು. ಇಂಟರ್ನ್‌ಗಳನ್ನು ಹಳ್ಳಿಗೆ ಕಳಿಸಿದರೆ ಅವರಲ್ಲಿ ಏನು ಬದಲಾವಣೆ ಆಗುತ್ತದೆ ಎಂಬುದನ್ನೇ ಅಧ್ಯಯನದ ವಸ್ತು ಮಾಡಿಕೊಂಡು ಏಳು ಭಾರತೀಯ ವೈದ್ಯಕೀಯ ಕಾಲೇಜುಗಳನ್ನು ಪರಿಶೀಲಿಸಿದರು. ಆ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ದೆಹಲಿಯ ಏಮ್ಸ್ 1965ರಲ್ಲಿ ಇಂದಿನ ಹರಿಯಾಣದ ಬಲ್ಲಭಗಢದಲ್ಲಿ ಗ್ರಾಮೀಣ ಆರೋಗ್ಯ ಯೋಜನೆ ಆರಂಭಿಸಿ ವಿದ್ಯಾರ್ಥಿಗಳನ್ನು ಅಲ್ಲಿ ಉಳಿಸಿ ಕಲಿಸತೊಡಗಿತು. ವೆಲ್ಲೂರಿನಲ್ಲಂತೂ ಈ ಹಾದಿ ಇನ್ನೂ ಹಳೆಯದು. ಐಡಾ ಸ್ಕಡರ್ 20ನೇ ಶತಮಾನದ ಮೊದಲ ದಶಕದಲ್ಲೇ ಊರೂರಿಗೆ ಹೋಗಿ ರಸ್ತೆಬದಿಯ ಮರದಡಿ ಚಿಕಿತ್ಸೆ ಕೊಡುತ್ತಿದ್ದರು. ಅವರು ಕಟ್ಟಿದ ಕಾಲೇಜಿನ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಹಳ್ಳಿಯಲ್ಲಿ ತಂಗುವ ಪದ್ಧತಿ ಅಲ್ಲಿ ಬೇರೂರಿತು.

ಸೇವಾಗ್ರಾಮದ ಪ್ರಯೋಗ

ಈ ಇತಿಹಾಸದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಊರು ವಾರ್ಧಾ ಬಳಿಯ ಸೇವಾಗ್ರಾಮ.

1939ರಲ್ಲಿ ಸುಶೀಲಾ ನಾಯರ್ ಎಂಬ ಯುವ ವೈದ್ಯೆ, ಗಾಂಧೀಜಿಯ ಕಾರ್ಯದರ್ಶಿಯಾಗಿದ್ದ ಅಣ್ಣ ಪ್ಯಾರೇಲಾಲರನ್ನು ಸೇರಿಕೊಳ್ಳಲು ಅಲ್ಲಿಗೆ ಬಂದರು. ಬಂದ ಸ್ವಲ್ಪದರಲ್ಲೇ ವಾರ್ಧಾದಲ್ಲಿ ಕಾಲರಾ ಕಾಣಿಸಿಕೊಂಡಿತು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ ಬಂದಿದ್ದ ಆಕೆ ಹೆಚ್ಚುಕಡಿಮೆ ಒಬ್ಬಂಟಿಯಾಗಿ ಅದನ್ನು ಎದುರಿಸಿದರು. ಮುಂದೆ ಗಾಂಧೀಜಿಯ ಖಾಸಗಿ ವೈದ್ಯೆಯಾದರು. ಆಗಾಖಾನ್ ಅರಮನೆಯ ಸೆರೆಮನೆಯಲ್ಲಿ ಕಸ್ತೂರಬಾ ಕೊನೆಯುಸಿರೆಳೆದಾಗ ಸುಶೀಲಾ ಕೂಡ ಅಲ್ಲೇ ಸೆರೆಯಲ್ಲಿದ್ದರು. 1944ರಲ್ಲಿ ಬಿಡುಗಡೆಯಾಗಿ ಬಂದು ಸೇವಾಗ್ರಾಮದಲ್ಲಿ ಪುಟ್ಟ ಔಷಧಾಲಯ ತೆರೆದರು. ರೋಗಿಗಳ ದಂಡು ಬೆಳೆದು ಆಶ್ರಮದ ಶಾಂತಿ ಕದಡತೊಡಗಿದಾಗ ಅದು ಬಿರ್ಲಾ ಕುಟುಂಬ ಕೊಟ್ಟ ಅತಿಥಿಗೃಹಕ್ಕೆ ಸ್ಥಳಾಂತರವಾಯಿತು. 1945ರಲ್ಲಿ ಅದಕ್ಕೆ ಕಸ್ತೂರಬಾ ಆಸ್ಪತ್ರೆ ಎಂಬ ಹೆಸರು ಬಂತು. ಸುಶೀಲಾ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. 1962ರಿಂದ 1967ರವರೆಗೆ ಕೇಂದ್ರದ ಆರೋಗ್ಯ ಮಂತ್ರಿಯಾಗಿದ್ದರು. ಹಳ್ಳಿಯಲ್ಲೇ ಒಂದು ವೈದ್ಯಕೀಯ ಕಾಲೇಜು ಏಕೆ ನಡೆಸಬಾರದು ಎಂಬ ವಿಚಾರವನ್ನು ಆಗ ಅವರ ಮುಂದಿಟ್ಟವರು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ. ಗಾಂಧಿ ಜನ್ಮಶತಮಾನೋತ್ಸವದ ವರ್ಷ, 1969ರಲ್ಲಿ, ಅದು ಮಹಾತ್ಮ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಾಗಿ ಸೇವಾಗ್ರಾಮದಲ್ಲೇ ಬಾಗಿಲು ತೆರೆಯಿತು.

ಅಲ್ಲಿ ಕಾಲೇಜಿಗೆ ಸೇರಿದ ವಿದ್ಯಾರ್ಥಿ ಮೊದಲು ಹೋಗುವುದು ಆಶ್ರಮಕ್ಕೆ. ಶವವಿಚ್ಛೇದನದ ಮೇಜಿನ ಪರಿಚಯ ಆಮೇಲೆ. ಎರಡು ವಾರ ಆಶ್ರಮದಲ್ಲಿ ವಾಸ, ಪ್ರಾರ್ಥನೆ, ನೂಲುವುದು, ಕಸ ಗುಡಿಸುವುದು. ಮೈಮೇಲೆ ಖಾದಿ, ವಾರಕ್ಕೊಮ್ಮೆ ಶ್ರಮದಾನ. ಬಹಳ ವರ್ಷಗಳ ಕಾಲ ಪ್ರವೇಶ ಪರೀಕ್ಷೆಯಲ್ಲಿ ಗಾಂಧಿ ವಿಚಾರಕ್ಕೆಂದೇ ಪ್ರತ್ಯೇಕ ಪ್ರಶ್ನೆಪತ್ರಿಕೆ ಇತ್ತು. ಇದೆಲ್ಲ ಕೇವಲ ಆಚಾರವೆಂದು ತಳ್ಳಿಹಾಕುವ ಮುನ್ನ ಮುಂದಿನ ಹೆಜ್ಜೆ ಗಮನಿಸಬೇಕು. ಪ್ರತಿ ವರ್ಷದ ತಂಡ ಒಂದು ಹಳ್ಳಿಯನ್ನು ದತ್ತು ತೆಗೆದುಕೊಳ್ಳುತ್ತದೆ. ಮೊದಲ ವರ್ಷವೇ ಇಡೀ ತಂಡ, ಅಧ್ಯಾಪಕರ ಸಮೇತ, ಆ ಹಳ್ಳಿಯಲ್ಲಿ ಶಿಬಿರ ಹೂಡುತ್ತದೆ. ಒಬ್ಬೊಬ್ಬ ವಿದ್ಯಾರ್ಥಿಗೂ ನಾಲ್ಕೈದು ಕುಟುಂಬಗಳ ಹೊಣೆ. ಶಿಬಿರ ಮುಗಿದರೂ ಹೊಣೆ ಮುಗಿಯುವುದಿಲ್ಲ. ಎಂಬಿಬಿಎಸ್‌ನ ವರ್ಷಗಳುದ್ದಕ್ಕೂ ಮತ್ತೆ ಮತ್ತೆ ಅದೇ ಊರು, ಅದೇ ಮನೆಗಳು. ಆ ಮನೆಯ ಸೊಸೆ ಗರ್ಭಿಣಿಯಾದದ್ದು, ಅಜ್ಜನ ಕಣ್ಣಿಗೆ ಪೊರೆ ಬಂದದ್ದು, ಕ್ಷಯದ ಮಾತ್ರೆಯನ್ನು ಮಾವ ನಡುವೆ ಬಿಟ್ಟದ್ದು, ಎಲ್ಲವೂ ಆ ವಿದ್ಯಾರ್ಥಿಯ ಕಣ್ಣೆದುರೇ ನಡೆಯುತ್ತದೆ.

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿ ಒಂದು ಹಾಸಿಗೆಯ ಸಂಖ್ಯೆ. ವಾಂತಿಭೇದಿಯಿಂದ ಬಸವಳಿದ ಮಗುವಿಗೆ ಸಲೈನ್ ಹಾಕಿ, ಮೂರನೇ ದಿನ ಮನೆಗೆ ಕಳಿಸಿದರೆ ವಿದ್ಯಾರ್ಥಿಯ ಪಾಠ ಅಲ್ಲಿಗೆ ಮುಗಿಯಿತು. ಅದೇ ಮಗು ಎರಡು ತಿಂಗಳಲ್ಲಿ ಮತ್ತೆ ಬಂದರೆ ಅದು ಬೇರೆ ವಿದ್ಯಾರ್ಥಿಯ ಪಾಲಿಗೆ ಬೇರೆ ಕೇಸು. ಹಳ್ಳಿಯಲ್ಲಿ ಹಾಗಲ್ಲ. ಮಗು ಕುಡಿದ ನೀರು ಯಾವ ಬಾವಿಯದೆಂದು ಕೇಳಲೇಬೇಕಾಗುತ್ತದೆ.

ಆ ಬಾವಿಯ ಕಟ್ಟೆಯ ಮೇಲೆ ನಡೆಯುವ ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಸಮುದಾಯ ವೈದ್ಯಶಾಸ್ತ್ರ, ಎಂದರೆ ಹಿಂದಿನ ಪಿಎಸ್‌ಎಂ, ಕಲಿಯುವ ಪ್ರತಿ ಭಾರತೀಯ ವಿದ್ಯಾರ್ಥಿಗೂ ಪರಿಚಿತವಾದ, ಬಾವಿಯ ನೀರಿನ ಶುದ್ಧಿಗೆ ಎಷ್ಟು ಬ್ಲೀಚಿಂಗ್ ಪೌಡರು ಬೇಕೆಂದು ತಿಳಿಸುವ ಹಾರಕ್ಸ್ ಪೆಟ್ಟಿಗೆಯ ಪಾಠ ಅದು. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು. ಕರಿ ಬಟ್ಟಲಲ್ಲಿ ಎರಡು ಗ್ರಾಂ ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಬೇಕು. ಬಿಳಿ ಬಟ್ಟಲುಗಳಿಗೆ ಬಾವಿಯ ನೀರು ತುಂಬಿ, ಮೊದಲನೆಯದಕ್ಕೆ ಕರಿ ಬಟ್ಟಲಿನ ತಿಳಿಯ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ. ಅರ್ಧ ಗಂಟೆ ಕಾಯಬೇಕು. ಆಮೇಲೆ ಪ್ರತಿ ಬಟ್ಟಲಿಗೂ ಪಿಷ್ಟ ಮತ್ತು ಅಯೋಡೈಡಿನ ದ್ರಾವಣದ ಮೂರು ಹನಿ ಬಿಟ್ಟು ಕಲಕಿದರೆ ಕೆಲವು ಬಟ್ಟಲುಗಳು ನೀಲಿಗೆ ತಿರುಗುತ್ತವೆ. ಎಷ್ಟನೇ ಬಟ್ಟಲಿನಲ್ಲಿ ಮೊದಲು ನೀಲಿ ಸ್ಪಷ್ಟವಾಯಿತು ಎಂಬುದರಿಂದ ಲೆಕ್ಕ ಸಿಗುತ್ತದೆ. ಮೂರನೆಯದಾದರೆ 455 ಲೀಟರ್ ನೀರಿಗೆ ಆರು ಗ್ರಾಂ ಪೌಡರು. ಮುಂದೆ ಹಗ್ಗ ಇಳಿಬಿಟ್ಟು ಬಾವಿಯ ಆಳ ಅಗಲ ಅಳೆದು ಒಟ್ಟು ಎಷ್ಟು ಪೌಡರು ಬೇಕೆಂದು ಕಂಡುಕೊಳ್ಳಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳದಲ್ಲಿ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಇಳಿಸಬೇಕು. ಒಂದು ಗಂಟೆ ಯಾರೂ ನೀರು ಸೇದದಂತೆ ನೋಡಿಕೊಳ್ಳಬೇಕು.

ಇಷ್ಟನ್ನು ಪ್ರಯೋಗಾಲಯದಲ್ಲೂ ಕಲಿಸಬಹುದು. ಆದರೆ ಬಾವಿಯ ಬಳಿ ಕೊಡ ಹಿಡಿದು ನಿಂತ ಹೆಂಗಸಿಗೆ ಒಂದು ಗಂಟೆ ಕಾಯುವಂತೆ ಒಪ್ಪಿಸುವುದನ್ನು ಯಾವ ಪ್ರಯೋಗಾಲಯವೂ ಕಲಿಸದು. ನೀರು ವಾಸನೆ ಹೊಡೆಯುತ್ತದೆಂದು ಆಕೆ ದೂರಿದರೆ ಏನು ಉತ್ತರ ಕೊಡಬೇಕು, ಊರಿನ ಒಂದು ಕೇರಿಯವರು ಈ ಬಾವಿಗೇ ಬರುವುದಿಲ್ಲ ಏಕೆ, ಅವರು ನೀರು ಎಲ್ಲಿಂದ ತರುತ್ತಾರೆ, ಈ ಪ್ರಶ್ನೆಗಳೆಲ್ಲ ಅಲ್ಲೇ ಎದುರಾಗುತ್ತವೆ. ಜಾತಿ ಹೇಗೆ ಕಾಯಿಲೆಯಾಗುತ್ತದೆ ಎಂಬುದು ವಿದ್ಯಾರ್ಥಿಗೆ ಅರ್ಥವಾಗುವುದು ಆಗ. ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುವಾಗಲೂ ಹೀಗೇ. ಒಂದರಿಂದ ಐದು ವರ್ಷದವರೆಗೆ ಪುಷ್ಟ ಮಗುವಿನ ತೋಳಿನ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ವಯಸ್ಸು ಗೊತ್ತಿಲ್ಲದಿದ್ದರೂ ಅಪೌಷ್ಟಿಕತೆ ಪತ್ತೆ ಹಚ್ಚಬಹುದು. ಪಟ್ಟಿ ಕೆಂಪಿಗೆ ನಿಂತರೆ ಮನೆಯಲ್ಲಿ ಉಣ್ಣಲು ಏನಿದೆ ಎಂದು ವಿಚಾರಿಸದೆ ವಿದ್ಯಾರ್ಥಿ ಮುಂದೆ ಹೋಗಲಾರ.

ಸೇವಾಗ್ರಾಮದಲ್ಲಿ ಜನರಿಂದ ಆಸ್ಪತ್ರೆಯೂ ಕಲಿಯಿತು. ಸುಗ್ಗಿಯ ಕಾಲಕ್ಕೆ ರೈತರು ಅಳೆದು ಕೊಟ್ಟ ಜೋಳವೇ ವರ್ಷದ ಆರೋಗ್ಯ ವಿಮೆಯ ಕಂತಾಗುವ ಯೋಜನೆಯೊಂದು ಸುತ್ತಲಿನ ಹಳ್ಳಿಗಳಲ್ಲಿ ರೂಪುಗೊಂಡಿತು. ಅದರ ಹಿಂದೆ ದುಡಿದ ಡಾ. ಉಲ್ಹಾಸ್ ಜಾಜೂ ಅಲ್ಲಿನ ಮೆಡಿಸಿನ್ ವಿಭಾಗದ ಅಧ್ಯಾಪಕರಾಗಿದ್ದವರು. ಹಳ್ಳಿಯ ಕೆಲಸ ಸಮುದಾಯ ವೈದ್ಯಶಾಸ್ತ್ರದವರಿಗೆ ಮಾತ್ರ ಬಿಟ್ಟದ್ದು ಎಂಬ ಗೆರೆ ಅಲ್ಲಿ ಅಳಿಸಿಹೋಗಿತ್ತು. ಸ್ನಾತಕೋತ್ತರ ಸೀಟು ಬಯಸುವ ತಮ್ಮ ಪದವೀಧರರು ಎರಡು ವರ್ಷ ಗ್ರಾಮೀಣ ಸೇವೆ ಮಾಡಿ ಬರಬೇಕೆಂಬ ನಿಯಮವನ್ನೂ ಸಂಸ್ಥೆ ತಂದಿತು.

ಹಾಲಿನ ಹಣ, ಊರಿನ ಆರೋಗ್ಯ

ಇದೇ ಕಾಲದಲ್ಲಿ ಕರ್ನಾಟಕದಲ್ಲೂ ಒಂದು ಪ್ರಯೋಗ ನಡೆಯಿತು. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿಗೆ ಹೋಯಿತು. ಆಗ ಅದು ಕೋಲಾರ ಜಿಲ್ಲೆ. ರೇಷ್ಮೆ ಮತ್ತು ಹೈನುಗಾರಿಕೆಯ ಆ ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಚೆನ್ನಾಗಿ ನಡೆಯುತ್ತಿತ್ತು. ಸಂಘ ಹಾಲಿನ ಹಣದಲ್ಲಿ ಒಂದು ಪಾಲನ್ನು ಊರಿನ ಆರೋಗ್ಯಕ್ಕೆಂದು ತೆಗೆದಿಟ್ಟಿತು, ಕಾಲೇಜು ವೈದ್ಯರನ್ನೂ ಇಂಟರ್ನ್‌ಗಳನ್ನೂ ಕಳಿಸಿತು. ಮಳ್ಳೂರು ಆರೋಗ್ಯ ಸಹಕಾರ ಎಂದು ಅದು ದೇಶದಲ್ಲೆಲ್ಲ ಹೆಸರಾಯಿತು. ದಾನದ ಕ್ಯಾಂಪ್ ಅಲ್ಲದೆ ಜನರೇ ಹಣ ಹಾಕಿ ನಡೆಸುವ ವ್ಯವಸ್ಥೆಯಲ್ಲಿ ಕೆಲಸ ಕಲಿತದ್ದು ಅಲ್ಲಿಗೆ ಹೋದ ಎಳೆಯ ವೈದ್ಯರ ಭಾಗ್ಯ. ಊರಿನವರು ಅವರಿಂದ ಲೆಕ್ಕ ಕೇಳಬಹುದಿತ್ತು. ಆ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ದುಡಿದ ರವಿ ನಾರಾಯಣ್ ಮತ್ತು ಥೆಲ್ಮಾ ನಾರಾಯಣ್ 1984ರಲ್ಲಿ ಬೆಂಗಳೂರಿನಲ್ಲೇ ಕಮ್ಯುನಿಟಿ ಹೆಲ್ತ್ ಸೆಲ್ ಕಟ್ಟಿದರು. ಜನಾರೋಗ್ಯದ ಹಾದಿ ಹಿಡಿಯಬಯಸಿದ ಯುವ ವೈದ್ಯರಿಗೆ ಅದು ಆಸರೆಯಾಯಿತು.

ಸುತ್ತೋಲೆಯ ದಾರಿ

ಇಂಥ ಬಿಡಿ ಯಶಸ್ಸುಗಳನ್ನು ಕಂಡ ದೆಹಲಿ, ಇದನ್ನೇ ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು. 1974ರಲ್ಲಿ ನೇಮಕವಾದ ಶ್ರೀವಾಸ್ತವ ಸಮಿತಿ ಮರುವರ್ಷವೇ ವರದಿ ಕೊಟ್ಟಿತು. ನಮ್ಮ ವೈದ್ಯ ಶಿಕ್ಷಣ ಜನರ ಅಗತ್ಯಕ್ಕೆ ಹೊಂದುತ್ತಿಲ್ಲವೆಂದು ಅದು ನೇರವಾಗಿ ಹೇಳಿತು. ಊರಿನವರೇ ಆದ ಆರೋಗ್ಯ ಕಾರ್ಯಕರ್ತರಿರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ವೈದ್ಯಕೀಯ ಕಾಲೇಜಿನವರೆಗೆ ಕೊಂಡಿ ಬೆಸೆಯಬೇಕು ಎಂದಿತು. ಅದರ ಫಲವಾಗಿ 1977ರಲ್ಲಿ ‘ರೋಮ್’ ಎಂಬ ಹೆಸರಿನ, ವೈದ್ಯ ಶಿಕ್ಷಣವನ್ನು ಹೊಸ ದಿಕ್ಕಿಗೆ ತಿರುಗಿಸುವ ಯೋಜನೆ ಬಂತು. ಪ್ರತಿ ಕಾಲೇಜೂ ಮೂರು ಬ್ಲಾಕುಗಳ ಹೊಣೆ ಹೊರಬೇಕು, ಎಲ್ಲ ವಿಭಾಗಗಳ ಅಧ್ಯಾಪಕರೂ ವಿದ್ಯಾರ್ಥಿಗಳ ಜೊತೆ ಅಲ್ಲಿಗೆ ಹೋಗಬೇಕು ಎಂಬುದು ಅದರ ಜೀವಾಳ. ಮರುವರ್ಷ, 1978ರ ಸೆಪ್ಟೆಂಬರಿನಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅಟಾದಲ್ಲಿ ಸೇರಿದ 134 ದೇಶಗಳು ಪ್ರಾಥಮಿಕ ಆರೋಗ್ಯ ಸೇವೆಯೇ ಎಲ್ಲರ ಆರೋಗ್ಯಕ್ಕೆ ದಾರಿ ಎಂದು ಸಾರಿದವು. ಕಾಲ ಹದವಾಗಿತ್ತು.

ಆದರೂ ರೋಮ್ ನೆಲ ಹಿಡಿಯಲಿಲ್ಲ. ಕಾಲೇಜುಗಳಿಗೆ ದೊಡ್ಡ ದೊಡ್ಡ ಸಂಚಾರಿ ಆಸ್ಪತ್ರೆ ವ್ಯಾನುಗಳು ಬಂದವು. ಅವುಗಳ ಗಾತ್ರಕ್ಕೆ ಹಳ್ಳಿಯ ದಾರಿಗಳು ಸಾಲದೆ ಹೋದವು, ಡೀಸೆಲ್ ಖರ್ಚು ಹೊರೆಯಾಯಿತು, ಬಹಳಷ್ಟು ವ್ಯಾನುಗಳು ಆವರಣದಲ್ಲೇ ನಿಂತವು. ಆದರೆ ವ್ಯಾನು ನಿಂತದ್ದು ಸೋಲಿನ ಗುರುತು ಮಾತ್ರ. ನಿಜವಾದ ಕಾರಣ ಬೇರೆ. ಸರ್ಜರಿ, ಮೆಡಿಸಿನ್, ಮಕ್ಕಳ ವಿಭಾಗದ ಪ್ರಾಧ್ಯಾಪಕರು ಹಳ್ಳಿಯ ಕಡೆ ತಲೆಹಾಕಲಿಲ್ಲ. ಅದು ಪಿಎಸ್‌ಎಂನವರ ಕೆಲಸ ಎಂದು ಬಿಟ್ಟರು. ತಾನು ಮೆಚ್ಚುವ ಗುರು ಯಾವುದಕ್ಕೆ ಬೆಲೆ ಕೊಡುತ್ತಾನೆ ಎಂಬುದನ್ನು ವಿದ್ಯಾರ್ಥಿ ಬಹಳ ಬೇಗ ಗ್ರಹಿಸುತ್ತಾನೆ. ಗುರು ಬಾರದ ಊರಿನಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಎಂದರೆ ಹಾಜರಿ ಪುಸ್ತಕದ ಸಹಿಯಾಯಿತು, ಮುಂದೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದಿಕೊಳ್ಳುವ ಬಿಡುವಾಯಿತು.

ಲೂಧಿಯಾನ, ಸೇವಾಗ್ರಾಮ, ಮಳ್ಳೂರುಗಳನ್ನು ರೋಮ್ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಣ ಎಲ್ಲೂ ಧಾರಾಳವಾಗಿರಲಿಲ್ಲ. ಆದರೆ ಮೊದಲಿನ ಮೂರೂ ಕಡೆ ಕಲಿಸುವವರು ತಾವೇ ಹೋದರು. ಒಮ್ಮೆ ಹೋದ ಊರಿಗೇ ಮತ್ತೆ ಹೋದರು. ಊರಿನವರಿಗೂ ಆ ವ್ಯವಸ್ಥೆಯಲ್ಲಿ ಒಂದು ಮಾತಿತ್ತು. ರೋಮ್‌ನಲ್ಲಿ ಈ ಮೂರೂ ಕಾಗದದಲ್ಲಿದ್ದವು, ನಡವಳಿಕೆಯಲ್ಲಿ ಇರಲಿಲ್ಲ.

ಸರ್ಕಾರಗಳು ಮುಂದೆ ಹಿಡಿದದ್ದು ಕಡ್ಡಾಯದ ದಾರಿ. ಕರ್ನಾಟಕ 2012ರಲ್ಲಿ ಶಾಸನ ಮಾಡಿ, ವೈದ್ಯಕೀಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಸರ್ಕಾರಿ ಸೇವಾ ತರಬೇತಿ ವಿಧಿಸಿತು. ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು, 2019ರಲ್ಲಿ ಹೈಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ವೈದ್ಯರಿಲ್ಲದ ಆರೋಗ್ಯ ಕೇಂದ್ರಕ್ಕೆ ವೈದ್ಯರನ್ನು ಕಳಿಸುವ ಹಕ್ಕು ಸರ್ಕಾರಕ್ಕೆ ಇದ್ದೇ ಇದೆ. ಆದರೆ ಐದು ವರ್ಷ ನಗರದ ದೊಡ್ಡಾಸ್ಪತ್ರೆಯಲ್ಲೇ ಬೆಳೆಸಿ, ಕೊನೆಗೊಂದು ವರ್ಷ ಹಳ್ಳಿಗೆ ಅಟ್ಟಿದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಈಜು ಕಲಿಸದೆ ಹೊಳೆಗೆ ತಳ್ಳಿದಂತೆ. ಹಳ್ಳಿ ಕೊನೆಯ ವರ್ಷದ ಸುಂಕವಾಗದೆ ಮೊದಲ ವರ್ಷದ ಪಾಠವಾಗಬೇಕು.

ತಡವಾಗಿಯಾದರೂ ಈ ಅರಿವು ಈಗ ಪಠ್ಯಕ್ರಮಕ್ಕೆ ಬಂದಿದೆ. ಹಳೆಯ ವೈದ್ಯಕೀಯ ಮಂಡಳಿಯ ಜಾಗದಲ್ಲಿ 2020ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ, 2021-22ರ ತಂಡದಿಂದ ‘ಕುಟುಂಬ ದತ್ತು’ ಕಾರ್ಯಕ್ರಮ ತಂದಿತು. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಯೂ ಕೆಲವು ಕುಟುಂಬಗಳನ್ನು ತನ್ನದಾಗಿ ಮಾಡಿಕೊಂಡು, ಮುಂದಿನ ವರ್ಷಗಳಲ್ಲೂ ಅವರ ಸಂಪರ್ಕದಲ್ಲಿರಬೇಕು. ಸೇವಾಗ್ರಾಮ 1969ರಿಂದ ಮಾಡಿಕೊಂಡು ಬಂದದ್ದು ಐವತ್ತು ವರ್ಷದ ಮೇಲೆ ದೇಶದ ನಿಯಮವಾಯಿತು. ಇದು ಸಣ್ಣ ಗೆಲುವಲ್ಲ.

ಆದರೆ ಇತಿಹಾಸ ಕಲಿಸಿದ್ದನ್ನು ಮರೆತರೆ ಇದೂ ಇನ್ನೊಂದು ರೋಮ್ ಆದೀತು. ಬಸ್ಸಿನಲ್ಲಿ ನೂರೈವತ್ತು ವಿದ್ಯಾರ್ಥಿಗಳನ್ನು ತುಂಬಿಕೊಂಡು ಹೋಗಿ, ಪ್ರಶ್ನಾವಳಿ ತುಂಬಿಸಿ, ಸಾಮೂಹಿಕ ಫೋಟೋ ತೆಗೆದು ಸಂಜೆಗೆ ಮರಳಿದರೆ ಕುಟುಂಬಗಳು ದತ್ತು ಆಗುವುದಿಲ್ಲ, ಆ ಮನೆಗಳ ಅಂಕಿಅಂಶ ಮಾತ್ರ ಸಿಗುತ್ತದೆ. ಹಾಗೆ ಪ್ರಶ್ನೆಗೆ ಉತ್ತರ ಕೊಟ್ಟ ಮನೆಗೆ ಸಿಕ್ಕಿದ್ದೇನು ಎಂದು ಕಾಲೇಜು ಪ್ರತಿ ವರ್ಷ ತನ್ನನ್ನೇ ಕೇಳಿಕೊಳ್ಳಬೇಕು. ಆ ಮನೆಯ ಗರ್ಭಿಣಿಗೆ ಹೆರಿಗೆ ನೋವು ಬಂದ ರಾತ್ರಿ ಕಾಲೇಜಿನ ಆಸ್ಪತ್ರೆಯ ಬಾಗಿಲು ಅವಳಿಗೆ ತೆರೆದಿರಬೇಕು. ಮಕ್ಕಳ ವಿಭಾಗದ ಮುಖ್ಯಸ್ಥರು ತಿಂಗಳಿಗೊಮ್ಮೆಯಾದರೂ ವಿದ್ಯಾರ್ಥಿಯ ಜೊತೆ ಆ ಅಂಗನವಾಡಿಯ ನೆಲದ ಮೇಲೆ ಕೂರಬೇಕು. ಅಂತಿಮ ಪರೀಕ್ಷೆಯಲ್ಲಿ ಆ ಕುಟುಂಬದ ಬಗ್ಗೆ ಕೇಳುವ ಪ್ರಶ್ನೆಗೆ ಹೃದಯದ ಬಡಿತದ ಪ್ರಶ್ನೆಯಷ್ಟೇ ಅಂಕ ಇರಬೇಕು.

ಭೋರ್ ಸಮಿತಿ ಕೇಳಿದ ಸಾಮಾಜಿಕ ವೈದ್ಯ ಅಸಾಧ್ಯವಾದ ಕನಸಲ್ಲ. ಅಂಥವರನ್ನು ತಯಾರು ಮಾಡುವ ಬಗೆ ಈ ನೆಲದಲ್ಲೇ, ನಮ್ಮದೇ ಹಳ್ಳಿಗಳಲ್ಲಿ, ನಮ್ಮ ಬಡತನದ ನಡುವೆಯೇ ಸಿದ್ಧವಾಗಿದೆ. ಇನ್ನೊಂದು ಸಮಿತಿಯ ಅಗತ್ಯವಿಲ್ಲ. ಕಲಿಸುವವರು ಹೊರಡಬೇಕು, ಹೋದಲ್ಲಿಗೇ ಮರಳಿ ಹೋಗಬೇಕು. ಇಷ್ಟನ್ನು ಪ್ರತಿ ಕಾಲೇಜೂ ಈ ವರ್ಷವೇ ಮಾಡಬಹುದು.